‘ನಾನೇನೂ ಅಲ್ಲ’ ಅಂತ ನಾವೇ ಹೇಳುವುದು ಸುಲಭ

ಪ್ರಶ್ನೆ: ಹಲವು ವರ್ಷ ನಮ್ಮ ಚರ್ಚಿನ ಕ್ವಾಯರ್ (ಹಾಡುವ ತಂಡ) ನಡೆಸಿದ್ದೇನೆ. ಯಾರಾದರೂ ಹೊಗಳಿದರೆ ‘ನಾನೇನೂ ಅಲ್ಲ, ಎಲ್ಲ ದೇವರ ಕೃಪೆ’ ಎನ್ನುತ್ತಿದ್ದೆ. ಈಚೆಗೆ ಪಾಸ್ಟರ್ ಆ ಜವಾಬ್ದಾರಿಯನ್ನು ಒಬ್ಬ ಹುಡುಗಿಗೆ ಕೊಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವತ್ತಿನಿಂದ ಮನಸ್ಸು ಕುದಿಯುತ್ತಿದೆ. ಅವಳು ತಾಳ ತಪ್ಪಿದರೆ ಒಳಗೊಳಗೇ ಖುಷಿಯಾಗುತ್ತದೆ. ಕ್ವಾಯರ್ ಬಿಟ್ಟುಬಿಡೋಣ ಅನ್ನಿಸುತ್ತಿದೆ. ಆಫೀಸಿನದು ಇನ್ನೊಂದು ಕಥೆ. ನಾನು ಮಾಡಿದ ಕೆಲಸವನ್ನು ಮೇಲಧಿಕಾರಿ ತಮ್ಮದು ಅಂತ ತೋರಿಸುತ್ತಾರೆ. ಕ್ರೈಸ್ತರು ದೀನರಾಗಿರಬೇಕಲ್ಲ ಅಂತ ಸುಮ್ಮನಿದ್ದೇನೆ. ದೀನತೆಗಾಗಿ ದಿನಾ ಪ್ರಾರ್ಥಿಸುತ್ತೇನೆ. ಹಾಗೆ ಪ್ರಾರ್ಥಿಸುತ್ತೇನೆ ಅನ್ನುವುದೇ ಒಂದು ಹೆಮ್ಮೆಯಾಗಿಬಿಟ್ಟಿದೆ. ದಿನನಿತ್ಯದ ಬದುಕಿನಲ್ಲಿ ದೀನತೆಯನ್ನು ರೂಢಿಸಿಕೊಳ್ಳುವುದು ಹೇಗೆ?

ಉತ್ತರ: ನೀವು ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಅದರಲ್ಲೂ ತಾಳ ತಪ್ಪಿದಾಗ ಆಗುವ ಖುಷಿಯ ವಿಷಯ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

‘ನಾನೇನೂ ಅಲ್ಲ’ ಅಂತ ನೀವೇ ವರ್ಷಗಟ್ಟಲೆ ಹೇಳಿದಿರಿ. ನೋವಾಗಲಿಲ್ಲ. ಅದೇ ಮಾತನ್ನು ಈಗ ಬೇರೊಬ್ಬರು ಬಾಯಲ್ಲಿ ಹೇಳದೆ ಮಾಡಿ ತೋರಿಸಿದರು. ಮನಸ್ಸು ಕುದಿಯಿತು. ಈ ಎರಡರ ನಡುವಿನ ಅಂತರ ಇದೆಯಲ್ಲ, ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ನಾವಾಗಿಯೇ ತಗ್ಗಿದಾಗ ಎಷ್ಟು ತಗ್ಗಬೇಕು, ಯಾರೆದುರು, ಯಾವಾಗ ಅನ್ನುವುದನ್ನೆಲ್ಲ ನಾವೇ ತೀರ್ಮಾನಿಸುತ್ತೇವೆ. ಲಗಾಮು ನಮ್ಮ ಕೈಯಲ್ಲೇ ಇರುತ್ತದೆ. ಎಷ್ಟೋ ಸಲ ಜನ ಅದನ್ನು ನೋಡಿ ಮೆಚ್ಚುವುದೂ ಉಂಟು. ಬೇರೆಯವರು ತಗ್ಗಿಸಿದಾಗ ಇದ್ಯಾವುದೂ ನಮ್ಮ ಕೈಯಲ್ಲಿರುವುದಿಲ್ಲ. ದೀನತೆಯ ನಿಜವಾದ ಅಭ್ಯಾಸ ನಡೆಯುವುದು ಜಾಸ್ತಿ ಈ ಎರಡನೆಯ ಜಾಗದಲ್ಲೇ ಅಂತ ನನ್ನ ನಂಬಿಕೆ. ನಾವು ಆರಿಸಿಕೊಳ್ಳದ, ನಮಗೆ ಇಷ್ಟವಿಲ್ಲದ, ಸಣ್ಣಪುಟ್ಟ ಸಂದರ್ಭಗಳಲ್ಲಿ.

ಲೂಕನ ಸುವಾರ್ತೆಯ 14ನೇ ಅಧ್ಯಾಯ ನಿಮಗೆ ಗೊತ್ತಿರುತ್ತದೆ. ಊಟಕ್ಕೆ ಬಂದವರು ಮೊದಲ ಸಾಲಿನ ಜಾಗಗಳನ್ನು ಹುಡುಕುತ್ತಿದ್ದರು. ಯೇಸು ಅದನ್ನು ನೋಡಿ, ಹೋಗಿ ಕಡೆಯ ಜಾಗದಲ್ಲಿ ಕೂತುಕೊಳ್ಳಿ ಅಂದ. ಯಜಮಾನ ಬಂದು ‘ಸ್ನೇಹಿತನೇ, ಮೇಲಕ್ಕೆ ಬಾ’ ಎಂದು ಕರೆಯುತ್ತಾನೆ ಅಂತಲೂ ಹೇಳಿದ. ನಾವು ಮೊದಲ ಅರ್ಧ ಪಾಲಿಸಿ, ಕಣ್ಣೆಲ್ಲ ಎರಡನೆಯ ಅರ್ಧದ ಮೇಲೆ ಇಟ್ಟಿರುತ್ತೇವೆ. ಕಡೆಯ ಜಾಗದಲ್ಲಿ ಕೂತು, ಯಜಮಾನ ಯಾಕೆ ಇನ್ನೂ ಬರಲಿಲ್ಲ ಅಂತ ಬಾಗಿಲು ನೋಡುತ್ತಿರುವುದು! ಯಾರೂ ಕರೆಯಲು ಬರದೇ ಹೋದರೆ ಊಟ ರುಚಿಸುತ್ತದೆಯೇ? ನಿಮಗೆ ಈಗ ಎದುರಾಗಿರುವ ಪ್ರಶ್ನೆ ಅದು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ದೂರ ಮಾಡಬೇಕು. ದೀನತೆ ಅಂದರೆ ನಿಮಗೆ ಹಾಡಲು ಬರುವುದಿಲ್ಲ ಅಂತ ನೀವು ನಂಬುವುದಲ್ಲ. ಹದಿನಾರನೇ ಶತಮಾನದಲ್ಲಿದ್ದ ಸ್ಪೇನಿನ ಸನ್ಯಾಸಿನಿ, ಅವಿಲಾದ ತೆರೇಸಾ ದೀನತೆ ಅಂದರೆ ಸತ್ಯದಲ್ಲಿ ನಡೆಯುವುದು ಅಂತ ಬರೆದಿದ್ದಾಳೆ. ಇಷ್ಟು ಸರಳವಾಗಿ ಇದನ್ನು ಹೇಳಿದವರು ಕಡಿಮೆ. ಇರುವುದನ್ನು ಇಲ್ಲ ಅನ್ನುವುದು ಸುಳ್ಳು. ಇಲ್ಲದ್ದನ್ನು ಇದೆ ಅನ್ನುವುದೂ ಸುಳ್ಳು.

ಪೌಲನನ್ನು ನೋಡಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಅವನು ಅಪೊಸ್ತಲರಲ್ಲೆಲ್ಲ ನಾನು ಕನಿಷ್ಠ, ದೇವರ ಸಭೆಯನ್ನು ಹಿಂಸಿಸಿದವನು ಅನ್ನುತ್ತಾನೆ. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಆದರೆ ಮರುವಚನದಲ್ಲೇ, ಅವರೆಲ್ಲರಿಗಿಂತ ನಾನೇ ಹೆಚ್ಚು ದುಡಿದೆ ಅನ್ನುತ್ತಾನೆ. ಕೂಡಲೇ, ದುಡಿದದ್ದು ನಾನಲ್ಲ, ನನ್ನ ಜೊತೆಗಿದ್ದ ದೇವರ ಕೃಪೆ ಅಂತ ಸೇರಿಸುತ್ತಾನೆ. ತಪ್ಪನ್ನು ಹೇಳಿದ, ದುಡಿಮೆಯನ್ನೂ ಹೇಳಿದ, ಅದು ಎಲ್ಲಿಂದ ಬಂತು ಅನ್ನುವುದನ್ನೂ ಹೇಳಿದ. ಎಲ್ಲವೂ ನಿಜ. ಅವನಿಗೆ ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಲಿಲ್ಲ.

ಅದಕ್ಕೇ ಇನ್ನು ಮುಂದೆ ಯಾರಾದರೂ ನಿಮ್ಮ ಹಾಡು ಚೆನ್ನಾಗಿತ್ತು ಅಂದರೆ ‘ಥ್ಯಾಂಕ್ಸ್, ಖುಷಿಯಾಯಿತು’ ಅಂತ ಹೇಳಿ ಸುಮ್ಮನಾಗಿ. ‘ಅಯ್ಯೋ, ನಾನೇನು ಮಹಾ’ ಅಂತ ಶುರು ಮಾಡಿದರೆ ಪಾಪ ಅವರು ಇನ್ನೂ ನಾಲ್ಕು ಸಲ ಹೊಗಳಬೇಕಾಗುತ್ತದೆ. ಅದು ಒಂಥರಾ ವಸೂಲಿ.

ಈಗ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ. ಪಾದ ತೊಳೆದ ಪ್ರಸಂಗ. ಅದನ್ನು ಎಷ್ಟು ಸಲ ಓದಿರುತ್ತೇವೋ, ಆದರೆ ಮೂರನೇ ವಚನವನ್ನು ಹಾರಿಸಿಬಿಡುತ್ತೇವೆ. ತಂದೆಯು ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಅಂತ ಯೇಸುವಿಗೆ ಗೊತ್ತಿತ್ತು ಅಂತ ಅಲ್ಲಿ ಬರೆದಿದೆ. ಅದಾದ ಮೇಲೆ ಅವನು ಊಟದಿಂದ ಎದ್ದು, ಮೇಲುಹೊದಿಕೆ ತೆಗೆದಿಟ್ಟು, ಟವೆಲ್ ಕಟ್ಟಿಕೊಂಡ. ತಾನು ಯಾರು ಅನ್ನುವುದು ಗಟ್ಟಿಯಾಗಿ ಗೊತ್ತಿದ್ದವನಿಗೆ ಆಳುಗಳ ಕೆಲಸ ಮಾಡಲು ಭಯವಾಗಲಿಲ್ಲ. ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ನಮಗೆ ಭಯ. ಯಾಕೆಂದರೆ ನಾವು ಯಾರು ಅನ್ನುವುದನ್ನು ಕ್ವಾಯರ್, ಹುದ್ದೆ, ನಾಲ್ಕು ಜನರ ಮಾತು ಇವುಗಳ ಮೇಲೆ ನಿಲ್ಲಿಸಿಕೊಂಡಿರುತ್ತೇವೆ. ಅವುಗಳಲ್ಲಿ ಒಂದು ಅಲುಗಿದರೂ ನಾವೇ ಬಿದ್ದುಹೋದಂತೆ ಅನ್ನಿಸುತ್ತದೆ. ನಿಮ್ಮ ಕುದಿತಕ್ಕೆ ಅಹಂಕಾರ ಅಂತ ಹೆಸರಿಡುವ ಮುಂಚೆ ಅದರ ಅಡಿಯಲ್ಲಿ ಈ ಭಯ ಇದೆಯಾ ನೋಡಿ. ‘ಇನ್ನು ನಾನು ಯಾರಿಗೆ ಬೇಕು?’ ಅನ್ನುವ ಭಯ. ದೇವರ ಮುಂದೆ ಇಡಬೇಕಾದ ಮಾತು ಅದು. ‘ನನ್ನನ್ನು ದೀನನನ್ನಾಗಿ ಮಾಡು’ ಅನ್ನುವ ಚೆಂದದ ಪ್ರಾರ್ಥನೆಗಿಂತ, ‘ನನಗೆ ಹೊಟ್ಟೆಕಿಚ್ಚಾಗಿದೆ, ನಾನು ಬೇಡದವನಾಗಿಬಿಟ್ಟೆ ಅನ್ನಿಸುತ್ತಿದೆ’ ಅನ್ನುವ ಮಾತು ದೀನತೆಗೆ ಹತ್ತಿರ. ದೇವಾಲಯದಲ್ಲಿ ಪ್ರಾರ್ಥಿಸಿದ ಇಬ್ಬರ ಕಥೆಯನ್ನು ಯೇಸು ಹೇಳಿದ್ದು ಲೂಕ 18ರಲ್ಲಿದೆ. ಧರ್ಮನಿಷ್ಠನೆನಿಸಿಕೊಂಡಿದ್ದ ಫರಿಸಾಯನ ಪ್ರಾರ್ಥನೆ ಉದ್ದವಾಗಿಯೂ ಸೊಗಸಾಗಿಯೂ ಇತ್ತು. ಸುಂಕದವನದು ಒಂದೇ ಸಾಲು.

ಪಾದ ತೊಳೆದ ಆ ಅಧ್ಯಾಯದಲ್ಲಿ ಶಿಷ್ಯ ಪೇತ್ರನೂ ಇದ್ದಾನೆ. ‘ನೀನು ಎಂದಿಗೂ ನನ್ನ ಕಾಲು ತೊಳೆಯಬಾರದು’ ಅನ್ನುತ್ತಾನೆ. ಕೇಳಲು ಎಷ್ಟು ವಿನಯ! ಯೇಸು ಅದನ್ನು ಒಪ್ಪಲಿಲ್ಲ. ಸೇವೆ ಮಾಡುವುದು ನಮ್ಮಲ್ಲಿ ಬಹಳ ಜನಕ್ಕೆ ಸುಲಭ, ಸೇವೆ ಮಾಡಿಸಿಕೊಳ್ಳುವುದು ಕಷ್ಟ. ಕಾಯಿಲೆ ಬಿದ್ದಾಗ ಇನ್ನೊಬ್ಬರ ಸಹಾಯ ಬೇಡ ಅನ್ನುತ್ತೇವೆ. ಗೊತ್ತಿಲ್ಲದ್ದನ್ನು ಚಿಕ್ಕವರ ಹತ್ತಿರ ಕೇಳಲು ನಾಚುತ್ತೇವೆ. ದಿನನಿತ್ಯದ ಅಭ್ಯಾಸ ಏನು ಅಂತ ಕೇಳಿದಿರಲ್ಲ, ಈ ವಾರ ನಿಮಗಿಂತ ಚಿಕ್ಕವರೊಬ್ಬರ ಹತ್ತಿರ ಏನನ್ನಾದರೂ ನಿಜವಾಗಿ ಕೇಳಿ ಕಲಿಯಿರಿ. ತೋರಿಕೆಗಲ್ಲ, ನಿಮಗೆ ನಿಜವಾಗಿಯೂ ಗೊತ್ತಿಲ್ಲದ್ದನ್ನು.

ನಾವು ಆರಿಸಿಕೊಳ್ಳದ ಸಂದರ್ಭಗಳ ಬಗ್ಗೆ ಹೇಳಿದೆ. ಅದಕ್ಕೆ ಲಿಸ್ಯೂನ ತೆರೇಸಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫ್ರಾನ್ಸಿನ ಕಾರ್ಮೆಲ್ ಮಠದ ಸನ್ಯಾಸಿನಿ. 1873ರಲ್ಲಿ ಹುಟ್ಟಿ, 1897ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡಳು. ದೊಡ್ಡ ಸಾಹಸ ಏನನ್ನೂ ಮಾಡಿದವಳಲ್ಲ. ಮಠದಲ್ಲಿ ಬಟ್ಟೆ ಒಗೆಯುವಾಗ ಎದುರಿಗಿದ್ದ ಸನ್ಯಾಸಿನಿ ಕರವಸ್ತ್ರ ಎತ್ತಿದಾಗಲೆಲ್ಲ ಕೊಳೆ ನೀರು ಇವಳ ಮುಖಕ್ಕೆ ಸಿಡಿಯುತ್ತಿತ್ತು. ಹಿಂದೆ ಸರಿದು, ಮುಖ ಒರೆಸಿಕೊಂಡು, ಸ್ವಲ್ಪ ನೋಡಿಕೊಂಡು ಒಗಿ ಅಂತ ತೋರಿಸಬೇಕು ಅನ್ನಿಸಿತಂತೆ. ಮಾಡಲಿಲ್ಲ. ಇನ್ನೊಂದು ಸಲ ಒಂದು ಸಣ್ಣ ಪಾತ್ರೆ ಒಡೆದಿತ್ತು. ಅದನ್ನು ಅಲ್ಲಿ ಇಟ್ಟವಳು ಇವಳೇ ಅಂದುಕೊಂಡು ಹಿರಿಯ ಸನ್ಯಾಸಿನಿ ಗದರಿದಳು. ತಪ್ಪು ಇವಳದ್ದಲ್ಲ. ಆದರೂ ವಾದ ಮಾಡದೆ, ಇನ್ನು ಮುಂದೆ ಜಾಗ್ರತೆಯಾಗಿರುತ್ತೇನೆ ಅಂದಳು. ನನಗೆ ಇಷ್ಟವಾಗುವುದು ಇದಕ್ಕೆ ಅವಳು ಸೇರಿಸಿದ ಮಾತು. ಇಂಥ ಚಿಕ್ಕ ವಿಷಯವೂ ತನಗೆ ಬಹಳ ಕಷ್ಟವಾಯಿತು ಅಂತ ಒಪ್ಪಿಕೊಳ್ಳುತ್ತಾಳೆ. 1997ರಲ್ಲಿ ಕಥೋಲಿಕ ಸಭೆ ಇವಳನ್ನು ಸಭೆಯ ಮಹಾಬೋಧಕರ ಸಾಲಿಗೆ ಸೇರಿಸಿತು. ಅಗಸ್ಟೀನ್, ಅಕ್ವಿನಾಸ್ ಅಂಥ ದೊಡ್ಡ ಧರ್ಮಪಂಡಿತರ ಸಾಲು ಅದು. ಅವರ ಹಾಗೆ ದೊಡ್ಡ ಗ್ರಂಥಗಳನ್ನೇನೂ ಬರೆದವಳಲ್ಲ.

ಗಮನಿಸಿ, ಅವಳು ಸುಮ್ಮನಿದ್ದದ್ದು ಒಡೆದ ಪಾತ್ರೆಯ ವಿಷಯಕ್ಕೆ. ಯಾರ ಬಾಳೂ ಅದರಿಂದ ಕೆಡುತ್ತಿರಲಿಲ್ಲ. ಈ ಅಳತೆಯನ್ನು ಮರೆತರೆ ಅನಾಹುತವಾಗುತ್ತದೆ. ಆಫೀಸಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಮನೆಯಲ್ಲಿ ಅಭ್ಯಾಸಕ್ಕೆ ಅವಕಾಶ ಬೇಕಾದಷ್ಟು. ಕ್ಷಮೆ ಕೇಳುವುದನ್ನೇ ತೆಗೆದುಕೊಳ್ಳಿ. ‘ತಪ್ಪಾಯಿತು, ಆದರೆ ನೀನೂ ಹಾಗೆ ಹೇಳಬಾರದಿತ್ತು’ ಅನ್ನುತ್ತೇವೆ. ಆ ‘ಆದರೆ’ ಬಂದ ಮೇಲೆ ಕ್ಷಮೆ ಮುಗಿದು ಮೊಕದ್ದಮೆ ಶುರುವಾಗುತ್ತದೆ. ಏನು ತಪ್ಪಾಯಿತು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಎದುರಿನವರ ತಪ್ಪಿನ ಮಾತು ಇನ್ನೊಂದು ದಿನಕ್ಕಿರಲಿ. ಹಾಗೆಯೇ ಯಾರಾದರೂ ನಿಮ್ಮ ತಪ್ಪು ಎತ್ತಿ ತೋರಿಸಿದಾಗ ಮೊದಲ ಮಾತು ಸಮಜಾಯಿಷಿ ಆಗದಿರಲಿ. ‘ಸ್ವಲ್ಪ ಬಿಡಿಸಿ ಹೇಳಿ’ ಅಂತ ಕೇಳಿ. ಅವರು ಹೇಳಿದ್ದರಲ್ಲಿ ಅರ್ಧ ತಪ್ಪಿರಬಹುದು, ಉಳಿದರ್ಧ ನಮಗೆ ಬೇಕಾದದ್ದೇ ಆಗಿರುತ್ತದೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದವರಿಗಾಗಿ ದೀನತೆಗೆ ಹನ್ನೆರಡು ಮೆಟ್ಟಿಲುಗಳನ್ನು ಹೇಳಿದ. ಅದರಲ್ಲಿ ಮೂರು ಮೆಟ್ಟಿಲುಗಳು ಮಾತು ಮತ್ತು ನಗುವಿಗೆ ಸಂಬಂಧಪಟ್ಟವು: ಕೇಳುವ ಮುಂಚೆ ಮಾತಾಡದಿರುವುದು, ಸುಮ್ನೆ ನಗಾಡದಿರುವುದು, ಮೆಲ್ಲಗೆ ಕಡಿಮೆ ಮಾತಾಡುವುದು. ನಗುವಿನ ವಿಷಯದಲ್ಲಿ ಆ ಸಂತನ ಜೊತೆ ನನ್ನದು ಸ್ವಲ್ಪ ತಕರಾರು ಇದೆ. ತನ್ನನ್ನು ನೋಡಿ ತಾನೇ ನಗಬಲ್ಲವರಿಗೆ ದೀನತೆ ಬೇಗ ಬರುತ್ತದೆ. ಆದರೆ ಮಾತಿನ ವಿಷಯದಲ್ಲಿ ಅವನು ಹೇಳಿದ್ದು ಸರಿ.

ಇನ್ನು ಆಫೀಸು. ನಿಮ್ಮ ಮೌನ ದೀನತೆ ಅಂತ ನನಗೆ ಅನ್ನಿಸುತ್ತಿಲ್ಲ. ಒಳಗೆ ಕುದಿಯುತ್ತಾ ಹೊರಗೆ ಸುಮ್ಮನಿರುವುದು ಹಲವು ಸಲ ಭಯ, ಇನ್ನು ಕೆಲವು ಸಲ ‘ನಾನು ಎಷ್ಟು ಸಹಿಸುತ್ತಿದ್ದೇನೆ ನೋಡಿ’ ಅನ್ನುವ ಲೆಕ್ಕ. ಯೇಸುವಿನ ಕೆನ್ನೆಗೆ ಮಹಾಯಾಜಕನ ಓಲೇಕಾರ ಹೊಡೆದಾಗ ಅವನು ಸುಮ್ಮನಿರಲಿಲ್ಲ. ನಾನು ತಪ್ಪಾಗಿ ಮಾತಾಡಿದ್ದರೆ ಏನು ತಪ್ಪು ಅಂತ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದ. ಯೋಹಾನ 18ರಲ್ಲಿದೆ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ನೇರ ಪ್ರಶ್ನೆ.

ಪೌಲನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಫಿಲಿಪ್ಪಿ ಪಟ್ಟಣದಲ್ಲಿ ಅವನನ್ನೂ ಜೊತೆಗಾರ ಸೀಲನನ್ನೂ ವಿಚಾರಣೆ ಇಲ್ಲದೆ ಎಲ್ಲರೆದುರು ಹೊಡೆಸಿ ಜೈಲಿಗೆ ಹಾಕಿದರು. ಮರುದಿನ ಅಧಿಕಾರಿಗಳು ಸದ್ದಿಲ್ಲದೆ ಬಿಟ್ಟು ಕಳಿಸಲು ನೋಡಿದರು. ಪೌಲ ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತೀರಾ, ಅವರೇ ಬಂದು ನಮ್ಮನ್ನು ಕರೆದುಕೊಂಡು ಹೋಗಲಿ ಅಂದ. ಅವರು ಬಂದರು. ಅಪೊಸ್ತಲರ ಕೃತ್ಯಗಳು 16ರಲ್ಲಿ ಓದಬಹುದು. ದೀನತೆಯ ಬಗ್ಗೆ ಬೈಬಲ್ಲಿನಲ್ಲಿ ಇರುವ ಅತಿ ದೊಡ್ಡ ಮಾತು ಯಾವ ಊರಿನವರಿಗೆ ಬರೆದದ್ದು? ಇದೇ ಫಿಲಿಪ್ಪಿಯವರಿಗೆ. ಬರೆದವನೂ ಇದೇ ಪೌಲ. ಕ್ರಿಸ್ತನು ದೇವರಿಗೆ ಸಮನಾಗಿರುವುದನ್ನು ಬಿಗಿಯಾಗಿ ಹಿಡಿದುಕೊಳ್ಳದೆ ದಾಸನ ರೂಪ ತಾಳಿ ಶಿಲುಬೆಯ ಮರಣದವರೆಗೂ ತಗ್ಗಿದ ಅನ್ನುವ ಎರಡನೇ ಅಧ್ಯಾಯ. ಆ ಮಾತನ್ನು ಓದುವಾಗ ಆ ಊರಿನ ಹಳಬರಿಗೆ, ನ್ಯಾಯ ಕೇಳಿ ಜೈಲಿನಿಂದ ತಲೆಯೆತ್ತಿ ಹೊರಬಂದ ಮನುಷ್ಯ ನೆನಪಾಗಿರಬೇಕು. ಅವರಿಗೆ ಇವೆರಡೂ ಒಂದಕ್ಕೊಂದು ವಿರುದ್ಧ ಅನ್ನಿಸಿರಲಾರದು.

ಹಾಗಾಗಿ ಮೇಲಧಿಕಾರಿಯ ಜೊತೆ ಮಾತಾಡಿ. ಮತ್ತಾಯ 18ರಲ್ಲಿ ಯೇಸು ಹೇಳಿದ ದಾರಿ ಸಭೆಯ ಸಹೋದರರ ಬಗ್ಗೆಯಾದರೂ ಇಲ್ಲಿಗೂ ಹೊಂದುತ್ತದೆ. ಮೊದಲು ಒಬ್ಬರೇ ಹೋಗಿ, ಅವರೊಬ್ಬರೇ ಇದ್ದಾಗ ಹೇಳಿ. ‘ಆ ವರದಿ ನಾನು ತಯಾರಿಸಿದ್ದು. ಮುಂದಿನ ಸಲ ನನ್ನ ಹೆಸರೂ ಇರಲಿ’ ಅಂದರೆ ಸಾಕು. ಅವರ ಸ್ವಭಾವದ ಬಗ್ಗೆ ಭಾಷಣ ಬೇಡ. ಕೇಳದಿದ್ದರೆ ಅದಕ್ಕಿರುವ ಸರಿಯಾದ ದಾರಿಯಲ್ಲಿ ದೂರು ಕೊಡಿ. ಹೋಗುವ ಮುಂಚೆ ಒಂದನ್ನು ಮಾತ್ರ ನಿಮ್ಮನ್ನೇ ಕೇಳಿಕೊಳ್ಳಿ: ನಿಮ್ಮ ಕೆಳಗೆ ಕೆಲಸ ಮಾಡುವವರ ಹೆಸರನ್ನು ನೀವು ಹೇಳುತ್ತೀರಾ? ಕ್ವಾಯರಿನಲ್ಲಿ ಕೀಬೋರ್ಡ್ ನುಡಿಸಿದವರ, ಹಾಡಿನ ಪ್ರತಿ ಮಾಡಿಕೊಟ್ಟವರ ಹೆಸರು?

ಇದನ್ನು ಓದುವ ಬೇರೆ ಕೆಲವರಿಗೂ ಒಂದು ಮಾತು ಹೇಳಬೇಕಾಗಿದೆ. ಮನೆಯಲ್ಲಿ ಹೊಡೆತ ತಿನ್ನುವವರಿಗೆ, ದೌರ್ಜನ್ಯ ಅನುಭವಿಸುವವರಿಗೆ ‘ದೀನರಾಗಿ ಸಹಿಸಿಕೊಳ್ಳಿ’ ಅಂತ ಯಾರಾದರೂ ಹೇಳಿದರೆ ಅದು ಸುವಾರ್ತೆಯಲ್ಲ. ದೀನತೆ ನನ್ನಿಂದ ನಾನು ಕೇಳಬೇಕಾದದ್ದು. ನನಗಿಂತ ಕೈಲಾಗದವರಿಗೆ ನಾನು ವಿಧಿಸುವಂಥದ್ದಲ್ಲ. ಯೇಸು ಅದನ್ನು ಮೊದಲು ಕೇಳಿದ್ದು ದೊಡ್ಡವರಾಗಲು ಹೊರಟ ಶಿಷ್ಯರಿಂದ. ಪೇತ್ರನ ಮೊದಲ ಪತ್ರದ ಐದನೇ ಅಧ್ಯಾಯದಲ್ಲೂ ಅಷ್ಟೆ. ಹಿರಿಯರೇ, ಮಂದೆಯ ಮೇಲೆ ದೊರೆತನ ಮಾಡಬೇಡಿ ಅನ್ನುವ ಮಾತು ಮೊದಲು ಬರುತ್ತದೆ. ಯೌವನಸ್ಥರಿಗೆ ಬುದ್ಧಿಮಾತು ಆಮೇಲೆ. ಅಂಥ ಸ್ಥಿತಿಯಲ್ಲಿ ಇರುವವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ನಂಬಿಕಸ್ಥರ ಮತ್ತು ಕಾನೂನಿನ ಸಹಾಯ ಪಡೆಯಿರಿ.

ಪ್ರಾರ್ಥಿಸುವುದೇ ಹೆಮ್ಮೆಯಾಗಿದೆ ಅಂದಿರಿ. ಇದು ಹಳೆಯ ಕಾಯಿಲೆ. ಬೇರೆ ಪಾಪಗಳು ಕೆಟ್ಟ ಕೆಲಸ ಮಾಡಿಸುತ್ತವೆ, ಅಹಂಕಾರವಾದರೋ ಒಳ್ಳೆಯ ಕೆಲಸಗಳಲ್ಲೇ ಹೊಂಚು ಹಾಕಿ ಕೂತಿರುತ್ತದೆ ಅಂತ ಅಗಸ್ಟೀನ್ ತನ್ನ ಮಠದವರಿಗೆ ಎಚ್ಚರಿಸಿದ್ದ. ಅದನ್ನು ಹುಡುಕಿ ಹುಡುಕಿ ಕೀಳಲು ಹೋಗಬೇಡಿ. ಹೆಮ್ಮೆ ಬಂತು ಅಂತ ನೊಂದುಕೊಂಡು, ನೊಂದುಕೊಂಡೆನಲ್ಲ ಅಂತ ಮತ್ತೆ ಹೆಮ್ಮೆಪಟ್ಟು, ಹೀಗೇ ಕೊನೆಯಿಲ್ಲ. ಎಲ್ಲ ಸುತ್ತಿನಲ್ಲೂ ನೋಡುತ್ತಿರುವುದು ನಮ್ಮನ್ನೇ. ‘ದೇವರೇ, ಮತ್ತೆ ಬಂತು ನೋಡು’ ಅಂತ ಹೇಳಿ, ಸ್ವಲ್ಪ ನಕ್ಕು, ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಮತ್ತೆ, ದೀನತೆಗಾಗಿಯೇ ಬೇಡುವುದನ್ನು ಕೆಲವು ದಿನ ಬಿಟ್ಟು ಬೇರೆಯವರ ಹೆಸರು ಹಿಡಿದು ಪ್ರಾರ್ಥಿಸಿ. ಆ ಹುಡುಗಿಯ ಹೆಸರಿನಿಂದ ಶುರು ಮಾಡಬಹುದು. ಯಾರಿಗೂ ಗೊತ್ತಾಗದ ಹಾಗೆ ಒಂದು ಒಳ್ಳೆಯ ಕೆಲಸ ಮಾಡಿ ನೋಡಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅಂತ ಯೇಸು ಹೇಳಿದ್ದು ಇದಕ್ಕೇ. ಒಂದು ವಾರ ಅದನ್ನು ಯಾರಿಗೂ ಹೇಳದೆ ಇರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ.

ತಾಳ ತಪ್ಪಿದಾಗ ಆಗುವ ಖುಷಿಗೆ ಬರೋಣ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಮೋಸೆಸ್ ಅನ್ನುವ ಸನ್ಯಾಸಿ ಇದ್ದ. ಮುಂಚೆ ದರೋಡೆಕೋರ. ಅಲ್ಲಿನ ಒಬ್ಬ ಸಹೋದರ ತಪ್ಪು ಮಾಡಿದಾಗ ವಿಚಾರಣೆಗೆ ಎಲ್ಲರೂ ಸೇರಿದರು. ಮೋಸೆಸ್ ಹೋಗಲು ಒಪ್ಪಲಿಲ್ಲ. ಬಹಳ ಕರೆದ ಮೇಲೆ, ತೂತಾದ ಮಡಕೆಗೆ ನೀರು ತುಂಬಿಸಿ ಹೊತ್ತುಕೊಂಡು ಬಂದ. ಇದೇನು ಅಂತ ಕೇಳಿದ್ದಕ್ಕೆ, ನನ್ನ ಪಾಪಗಳು ನನ್ನ ಹಿಂದೆ ಸೋರುತ್ತಿವೆ, ನನಗೆ ಕಾಣುತ್ತಿಲ್ಲ, ಇವತ್ತು ಇನ್ನೊಬ್ಬನ ತಪ್ಪಿಗೆ ತೀರ್ಪು ಕೊಡಲು ಬಂದಿದ್ದೇನೆ ಅಂದ. ಆ ಸಹೋದರನನ್ನು ಕ್ಷಮಿಸಿ ಕಳಿಸಿದರು. ಹೊಸಬಳಿಗೆ ತಾಳ ತಪ್ಪುತ್ತದೆ. ನೀವು ಹೊಸಬರಾಗಿದ್ದಾಗ ನಿಮಗೂ ತಪ್ಪಿರುತ್ತದೆ, ಆಗ ಯಾರೋ ಒಬ್ಬರು ಸುಮ್ಮನಿದ್ದಿರಬಹುದು, ಅಲ್ವಾ?

ಪಾಸ್ಟರ್ ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ‘ನೀವು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು, ನನಗೆ ನೋವಾಯಿತು’ ಅಂತ ಅವರಿಗೆ ನೇರವಾಗಿ ಹೇಳಿ. ಹೇಳದೆ ಬೇರೆಯವರ ಹತ್ತಿರ ಗೊಣಗುವುದಕ್ಕಿಂತ ಇದು ಎಷ್ಟೋ ಮೇಲು. ತೀರ್ಮಾನ ಬದಲಿಸಿ ಅಂತ ಮಾತ್ರ ಕೇಳಬೇಡಿ.

ಕ್ವಾಯರ್ ಬಿಡುವ ವಿಚಾರ ಈಗ ಬೇಡ. ಹದಿನಾರನೇ ಶತಮಾನದ ಸಂತ, ಲೊಯೊಲಾದ ಇಗ್ನೇಷಿಯಸ್ ಕೊಟ್ಟ ಒಂದು ನಿಯಮ ಇದೆ: ಮನಸ್ಸು ಕತ್ತಲಾಗಿರುವಾಗ, ಅದಕ್ಕೆ ಮುಂಚೆ ಮಾಡಿದ ತೀರ್ಮಾನಗಳನ್ನು ಬದಲಿಸಬೇಡಿ. ಕುದಿ ಇಳಿಯಲಿ. ಆಮೇಲೂ ಬಿಡಬೇಕು ಅನ್ನಿಸಿದರೆ ಬಿಡಬಹುದು, ಅದರಲ್ಲಿ ಪಾಪವಿಲ್ಲ. ಅಲ್ಲಿಯವರೆಗೆ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಹೋಗಿ, ಅವಳು ಹೇಳಿದ ಜಾಗದಲ್ಲಿ ನಿಂತು, ಅವಳು ಆರಿಸಿದ ಹಾಡು ಹಾಡಿ. ತಾಳ ತಪ್ಪಿದರೆ ಅವಳ ತಾಳವನ್ನೇ ಹಿಡಿದು ಹಾಡಿ, ನಿಮ್ಮ ಗಂಟಲು ಎತ್ತರಿಸಿ ಎಲ್ಲರನ್ನೂ ನಿಮ್ಮ ತಾಳಕ್ಕೆ ಎಳೆಯಬೇಡಿ. ಅವಳಾಗಿಯೇ ಬಂದು ಕೇಳಿದರೆ, ಉಳಿದವರು ಹೋದ ಮೇಲೆ ಕೂತು ಆ ಸಾಲನ್ನು ಹೇಳಿಕೊಡಿ.